ಕುಂಬಾರ ಕಪ್ಪೆಯ ವಿಳಾಸ

ಹೊರನಾಡಿನ ಕನ್ನಡ ಸಂಘಗಳ ವೇದಿಕೆಗಳ ಮೇಲೆ ಅತಿ ಹೆಚ್ಚು ಬಾರಿ ಕೇಳಿಬರುವ ಜೋಡಿಪದವೆಂದರೆ 'ನಾಡು-ನುಡಿ'. ಇವೆರಡರಲ್ಲಿ ನುಡಿಯ ವಿಚಾರವಾಗಿ ನಾವು ಮಾಡಿದ ಚಿಂತನೆ, ಪಟ್ಟ ಸಂಕಟ, ಆಡಿದ ಜಗಳ ಯಾವುದಕ್ಕೂ ಕೊರತೆಯಿಲ್ಲ. ನಾಡು ಮಾತ್ರ ನಮ್ಮ ಪಾಲಿಗೆ ಒಂದು ಭೂಪಟವಾಗಿ, ಗಡಿಯ ತಕರಾರಾಗಿ, ಹೆಚ್ಚೆಂದರೆ ನವೆಂಬರ್ ತಿಂಗಳ ಒಂದು ಸಂಜೆಯ ನಾಡಗೀತೆಯಾಗಿ ಉಳಿದುಬಿಟ್ಟಿದೆ. ಆ ಭೂಪಟದೊಳಗೆ ಮಣ್ಣಿದೆ, ಹಳ್ಳವಿದೆ, ಹಳ್ಳದಲ್ಲಿ ನಮಗಿಂತ ಎಷ್ಟೋ ಹಿಂದಿನಿಂದ ಒಕ್ಕಲಾಗಿರುವ ಜೀವಿಗಳಿವೆ ಎಂಬ ಸಂಗತಿ ನಮ್ಮ ಠರಾವುಗಳಲ್ಲಿ ಕಾಣಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ. ಅಂಥ ಜೀವಿಗಳಲ್ಲಿ ತೀರ ಉಪೇಕ್ಷಿತವಾದ ಕಪ್ಪೆಯನ್ನು ಕುರಿತು ಬರೆಯಲು ಹೊರಟಿದ್ದೇನೆ. ನಗುವವರು ನಗಬಹುದು. ನಮ್ಮ ಭಾಷೆಯೂ ಕಪ್ಪೆಗೆ ಹೆಚ್ಚಿನ ಗೌರವವನ್ನೇನೂ ಕೊಟ್ಟಿಲ್ಲ. ಲೋಕ ಕಾಣದವನು ಬಾವಿಯೊಳಗಿನ ಕಪ್ಪೆ. ಬೇಡದ್ದನ್ನು ಆಡುವವನು ವಟಗುಟ್ಟುವವನು. ಒಗ್ಗೂಡದ ಜನರನ್ನು ಒಗ್ಗೂಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ. (ಈ ಕೊನೆಯ ಮಾತಿನ ಅರ್ಥವನ್ನು ಸಂಘದ ಕಾರ್ಯದರ್ಶಿಯಾಗಿ ದುಡಿದ ಯಾರಿಗೂ ವಿವರಿಸಬೇಕಾಗಿಲ್ಲ.)

ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯ ಬದಿಯಲ್ಲಿ, ಸಿದ್ದಾಪುರ ತಾಲೂಕಿನಲ್ಲಿ, ಕತ್ತಲೆಕಾನು ಎಂಬ ಕಾಡಿದೆ. ಹಗಲಿನಲ್ಲೂ ಬೆಳಕು ಸರಿಯಾಗಿ ನೆಲ ಮುಟ್ಟದ ಕಾನು. ಹೆಸರು ಸುಮ್ಮನೆ ಬಂದುದಲ್ಲ. ರಾಮಪತ್ರೆಯ ಕುಲದ ಮರಗಳು ಕೆಸರಿನೊಳಗಿಂದ ಮಡಿಸಿದ ಮೊಣಕಾಲಿನಂತೆ ಬೇರುಗಳನ್ನು ಮೇಲೆತ್ತಿ ನಿಂತಿರುವ ಜೌಗು ನೆಲ ಅಲ್ಲಿದೆ. ಆ ಕಡೆಯವರು ಅದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಅಲ್ಲಿಯ ತೊರೆಗಳಲ್ಲಿ ಬದುಕುವ ಒಂದು ಇರುಳುಗಪ್ಪೆಯನ್ನು 2014ರಲ್ಲಿ ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ರಾತ್ರಿಯ ಹೊತ್ತು ಹೆಣ್ಣು ಮುಂಗಾಲುಗಳ ಮೇಲೆ ದೇಹವನ್ನೆತ್ತಿ, ಬಹುಮಟ್ಟಿಗೆ ತಲೆಕೆಳಗಾಗಿ ನಿಂತು, ನೀರಿನ ಮೇಲೆ ಬಾಗಿದ ರೆಂಬೆಗೋ ಬಂಡೆಗೋ ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಗುತ್ತದೆ. ಆಮೇಲಿನ ಸಂಸಾರವೆಲ್ಲ ಗಂಡಿನದು. ಅದು ತೊರೆಯ ತಳದಿಂದ ಮುಂಗೈಗಳಲ್ಲಿ ಹಸಿಮಣ್ಣನ್ನು ಎತ್ತಿಕೊಂಡು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಎತ್ತುತ್ತದೆ, ಮೊಟ್ಟೆಗಳೆಲ್ಲ ಮುಚ್ಚುವ ತನಕ. ಮಣ್ಣಿನ ಹೊದಿಕೆ ಮೊಟ್ಟೆಗಳು ಒಣಗದಂತೆಯೂ ಶತ್ರುವಿನ ಕಣ್ಣಿಗೆ ಬೀಳದಂತೆಯೂ ಕಾಯುತ್ತದೆಂದು ತಿಳಿದವರ ಅಭಿಪ್ರಾಯ. ಮೊಟ್ಟೆಗೆ ಹೀಗೆ ಮಣ್ಣು ಮೆತ್ತುವ ಕಪ್ಪೆ ಅದುವರೆಗೆ ಜಗತ್ತಿನ ಯಾವ ಮೂಲೆಯಿಂದಲೂ ವರದಿಯಾಗಿರಲಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಗ್ರೀಕ್ ಮತ್ತು ಲ್ಯಾಟಿನ್ ಪದಗಳೇ ಮೆರೆಯುವ ಆ ಮಹಾಸಭೆಯಲ್ಲಿ ನಮ್ಮ ಹಳ್ಳಿಯ ತದ್ಭವವೊಂದು ಶಾಶ್ವತ ಆಸನವನ್ನು ಪಡೆಯಿತು. ನಾವು ಇದಕ್ಕಾಗಿ ಒಂದು ಅಭಿನಂದನಾ ಸಭೆಯನ್ನಾದರೂ ಕರೆದೆವೇ?

ಹೆಸರಿನ ಈ ಕಥೆ ಇನ್ನೂ ಹಳೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣ ರಾವ್ (1882-1960) ಅವರು ಕೊಡಗು ಮತ್ತು ಮಲೆನಾಡಿನ ಘಟ್ಟಗಳ ಅನೇಕ ಕಪ್ಪೆಗಳನ್ನು ಮೊದಲ ಬಾರಿಗೆ ವರ್ಣಿಸಿದರು. 1937ರ ಅವರ ಪ್ರಬಂಧದಲ್ಲಿ ಶಿರಾಡಿ ಘಾಟಿಯ ಕೆಂಪುಹೊಳೆಯ ಹೆಸರನ್ನು ಹೊತ್ತ ಕಪ್ಪೆಯೊಂದಿದೆ, ಮೂಡಿಗೆರೆ ಸೀಮೆಯ ಕೊಟ್ಟಿಗೆಹಾರದ ಹೆಸರನ್ನು ಹೊತ್ತ ಕಪ್ಪೆಯೊಂದಿದೆ. ಕೊಟ್ಟಿಗೆಹಾರದ್ದು ಕುಣಿಯುವ ಕಪ್ಪೆಗಳ ಕುಲಕ್ಕೆ ಸೇರಿದ್ದು. ಭೋರ್ಗರೆಯುವ ತೊರೆಯ ಬದಿಯಲ್ಲಿ ಕಪ್ಪೆಯ ಕೂಗು ಯಾರಿಗೆ ಕೇಳಿಸೀತು? ಅದಕ್ಕೆಂದೇ ಈ ಕುಲದ ಗಂಡುಗಳು ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ನೀಳವಾಗಿ ಚಾಚಿ, ಬೆರಳ ನಡುವಿನ ಜಾಲಪೊರೆಯನ್ನು ಬಾವುಟದಂತೆ ಬೀಸಿ ತಮ್ಮ ಇರವನ್ನು ಸಾರುತ್ತವೆ. ಊರು ಬಿಟ್ಟ ಮೇಲೂ ಊರಿನ ಹೆಸರನ್ನು ಇನಿಷಿಯಲ್ಲಿನಲ್ಲೋ ಅಡ್ಡಹೆಸರಿನಲ್ಲೋ ಹೊತ್ತು ತಿರುಗುವ ನಮಗೆ ಊರಿನ ಹೆಸರಿಟ್ಟುಕೊಂಡ ಕಪ್ಪೆ ಅಪರಿಚಿತವೆನಿಸಬಾರದು. 2010ರಲ್ಲಿ ಎಸ್. ಡಿ. ಬಿಜು ಮತ್ತಿತರರು ನಮ್ಮ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ರಾವ್ ಅವರ ಸ್ಮರಣಾರ್ಥ ರಾವೋರ್ಕೆಸ್ಟಿಸ್ ಎಂದು ನಾಮಕರಣ ಮಾಡಿದರು. ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಎಲೆಯ ಮೇಲಿನ ಮೊಟ್ಟೆಯೊಳಗಿಂದ ನೇರವಾಗಿ ಉಗುರಿನ ಗಾತ್ರದ ಕಪ್ಪೆಮರಿ ಹೊರಬರುತ್ತದೆ.

ಆದರೆ ರಾವ್ ಅವರು ಹೆಸರಿಟ್ಟ ಆ ಮೂಲಮಾದರಿಗಳು, ಅಂದರೆ ಯಾವ ಕಪ್ಪೆಯನ್ನು ಕೈಯಲ್ಲಿ ಹಿಡಿದು ಅವರು ವರ್ಣಿಸಿದರೋ ಆ ಕಪ್ಪೆಗಳು, ಕಾಲಾಂತರದಲ್ಲಿ ಕಳೆದುಹೋದವು. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಬೇಕು. ರಾವ್ ಕಂಡದ್ದು ನಿಜಕ್ಕೂ ಯಾವ ಕಪ್ಪೆಯನ್ನು ಎಂದು ಇಂದಿನ ಸಂಶೋಧಕ ನಿರ್ಣಯಿಸಬೇಕಾದರೆ ಸೀಸೆಯಲ್ಲಿಟ್ಟ ಸಾಕ್ಷಿ ಇಲ್ಲ. ಅವನು ಅದೇ ಕೆಂಪುಹೊಳೆಗೆ, ಅದೇ ಕೊಟ್ಟಿಗೆಹಾರಕ್ಕೆ, ಮಳೆಗಾಲದ ರಾತ್ರಿಯಲ್ಲಿ ಕೈದೀಪ ಹಿಡಿದು ಹೋಗಬೇಕು. ಊರೇ ಅಲ್ಲಿ ದಾಖಲೆ. ಆ ಹಳ್ಳ ಬತ್ತಿದರೆ ಉಳಿಯುವುದು ಅರ್ಥವಿಲ್ಲದ ಒಂದು ಪದ ಮಾತ್ರ.

ಅದೇ ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ ಮತ್ತು ಅದರ ನೆರೆಯ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಯೋಜನೆಯ ಗುರಿ ವರ್ಷಕ್ಕೆ 24 ಟಿಎಂಸಿ. ಕೋಲಾರದವರ ಬಾಯಾರಿಕೆಯನ್ನು ಕಪ್ಪೆಯ ಹೆಸರಿನಲ್ಲಿ ಹಗುರಾಗಿ ಕಾಣುವ ಅಧಿಕಾರ ನಲ್ಲಿಯಲ್ಲಿ ನೀರು ಬರುವ ಮಹಾನಗರದಲ್ಲಿ ಕುಳಿತ ನನಗಿಲ್ಲ. ಆದರೆ 'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು' ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಚರ್ಮದ ಮೂಲಕ ಉಸಿರನ್ನೂ ನೀರನ್ನೂ ಒಳಗೆಳೆದುಕೊಳ್ಳುವ ಪ್ರಾಣಿಗೆ, ರೆಂಬೆಯಿಂದ ಉದುರುವ ಗೊದಮೊಟ್ಟೆಗೆ, ಕೆಳಗೆ ಹರಿಯುತ್ತಿರುವ ನೀರು ವ್ಯರ್ಥವಲ್ಲ. ವ್ಯರ್ಥವೆಂಬುದು ಲೆಕ್ಕ ಬರೆಯುವವನ ಶಬ್ದ.

ಇದೇ ಶಬ್ದದ ಇನ್ನೊಂದು ರೂಪ 'ಬಂಜರು'. ಕರಾವಳಿಯ ಮುರಕಲ್ಲಿನ (ಉತ್ತರ ಕನ್ನಡದವರ ಚಿರೇಕಲ್ಲಿನ) ಬಯಲು ಪದವುಗಳು ಬೇಸಗೆಯಲ್ಲಿ ಹೆಂಚಿನಂತೆ ಕಾಯುತ್ತವೆ. ಸರಕಾರದ ಕಡತದಲ್ಲಿ ಅವು ಬಂಜರು, ನಮ್ಮ ಬಾಯಲ್ಲಿ ಸೈಟು. ಮಳೆ ಬಿದ್ದೊಡನೆ ಅದೇ ಕಲ್ಲಿನ ತಗ್ಗುಗಳಲ್ಲಿ ಕೆರೆಗಳು ಹುಟ್ಟುತ್ತವೆ. ಮಣಿಪಾಲದ ಆಸುಪಾಸಿನ ಇಂಥ ನೆಲದಿಂದಲೇ 2016ರಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಒಂದು ಕಿರುಬಾಯಿಯ ಕಪ್ಪೆ ವರದಿಯಾಯಿತು. ಅದರ ಕೂಗು ಜೀರುಂಡೆಯದ್ದೆಂದೇ ಭ್ರಮೆ ಹುಟ್ಟಿಸುವಂಥದು. ಕಂಡುಹಿಡಿದವರು ಅದಕ್ಕೆ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಕಲ್ಲಿನ ಹೆಸರನ್ನೇ ಇಟ್ಟರು, ಆ ಕಲ್ಲಿನ ಬಯಲಿನ ಕಡೆಗೆ ಜನರ ಗಮನ ಹರಿಯಲೆಂದು. ಎರಡು ವರ್ಷಗಳ ತರುವಾಯ ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಾಲಕ್ಕೆ ಮರದ ದಿಮ್ಮಿಗಳನ್ನು ಪೇರಿಸುತ್ತಿದ್ದ ಜಾಗದಲ್ಲಿ, ಇನ್ನೊಂದು ಕಿರುಗಪ್ಪೆ ಸಿಕ್ಕಿತು. ಕೊಂಕಣಿಯಲ್ಲಿ ಮಂಗಳೂರಿಗಿರುವ ಹೆಸರಿನಿಂದ ಅದು ಮೈಕ್ರೊಹೈಲಾ ಕೊಡಿಯಾಲ್ ಆಯಿತು. ಅದರ ಹತ್ತಿರದ ಬಂಧುಗಳಿರುವುದು ಘಟ್ಟದಲ್ಲಲ್ಲ, ಆಗ್ನೇಯ ಏಷ್ಯಾದಲ್ಲಿ. ಹಡಗಿನ ದಿಮ್ಮಿಗಳ ಜೊತೆ ಬಂದಿರಬಹುದೇ ಎಂದು ಸಂಶೋಧಕರು ಶಂಕಿಸಿದ್ದಾರೆ. ಅಂತೂ ಬಂದ ಊರಿನ ಹೆಸರಿನಲ್ಲಿ ನೆಲೆಯೂರಿದ ವಲಸಿಗ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಈ ಪತ್ರಿಕೆಯ ಓದುಗರಿಗೆ ಬೇಕಾಗಿಲ್ಲ.

ಕಪ್ಪೆಯನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಉಪಯೋಗದ್ದು: ಹುಳು ತಿನ್ನುತ್ತದೆ, ರೈತನ ಮಿತ್ರ. ಸುಳ್ಳಲ್ಲ. ಮುಂಬಯಿಯ ಹುಮಾಯೂನ್ ಅಬ್ದುಲಾಲಿಯವರು, 1955ರಲ್ಲಿ ವರ್ಣಿತವಾದ ಸಹ್ಯಾದ್ರಿಯ ಒಂದು ಇರುಳುಗಪ್ಪೆ ಯಾರ ಹೆಸರನ್ನು ಹೊತ್ತಿದೆಯೋ ಅವರು, 1985ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಕಪ್ಪೆಗಾಲಿನ ರಫ್ತಿನ ಬಗ್ಗೆ ದೀರ್ಘ ಲೇಖನವನ್ನೇ ಬರೆದರು. 1980ರ ದಶಕದ ಆರಂಭದಲ್ಲಿ ಈ ದೇಶ ವರ್ಷಕ್ಕೆ ನಾಲ್ಕು ಸಾವಿರ ಟನ್ನಿನಷ್ಟು ಕಪ್ಪೆಗಾಲುಗಳನ್ನು ಹೊರದೇಶಗಳ ಊಟದ ಮೇಜಿಗೆ ಕಳಿಸುತ್ತಿತ್ತು. ಮೊದಲ ಮಳೆಗೆ ಮೈಯೆಲ್ಲ ಹಳದಿಯಾಗಿ ಗದ್ದೆಯಲ್ಲಿ ಗುಟುರು ಹಾಕುವ ದೊಡ್ಡ ಕಪ್ಪೆಯೇ ಇದಕ್ಕೆ ಮುಖ್ಯ ಬಲಿ. 1987ರಲ್ಲಿ ಕೇಂದ್ರ ಸರಕಾರ ರಫ್ತನ್ನು ನಿಷೇಧಿಸಿತು. ಗದ್ದೆಗಪ್ಪೆಯ ಮಟ್ಟಿಗೆ ಉಪಯೋಗದ ವಾದ ಗೆದ್ದಿತು. (ಗೋವೆಯಲ್ಲಿ 'ಜಂಪಿಂಗ್ ಚಿಕನ್' ಎಂಬ ಹೆಸರಿನಲ್ಲಿ ಅದನ್ನು ಕದ್ದು ಬಡಿಸುವುದು ಅಪರಾಧವೆಂದು ರಜೆಗೆ ಹೋಗುವ ನಮ್ಮವರಿಗೂ ತಿಳಿದಿರಲಿ.) ಆದರೆ ಕುಂಬಾರ ಕಪ್ಪೆ ಯಾವ ರೈತನ ಯಾವ ಬೆಳೆಯನ್ನು ಕಾಯುತ್ತದೆ? ಉಪಯೋಗವನ್ನು ಸಾಬೀತುಮಾಡಲಾಗದ ಜೀವಿಯನ್ನು ಈ ವಾದ ನಡುನೀರಿನಲ್ಲಿ ಕೈಬಿಡುತ್ತದೆ. ಕನ್ನಡವನ್ನು ನಾವು ಉಳಿಸಹೊರಟದ್ದು ಅದರಿಂದ ಸಂಬಳ ಬರುತ್ತದೆಂದೇ? 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ಎಂಟು ಸಾವಿರಕ್ಕೂ ಮಿಕ್ಕ ಉಭಯವಾಸಿ ಪ್ರಭೇದಗಳನ್ನು ಪರಿಶೀಲಿಸಿ, ನೂರಕ್ಕೆ ಸುಮಾರು 41 ಅಳಿವಿನ ಭಯದಲ್ಲಿವೆ ಎಂದಿತು. ಅವುಗಳಲ್ಲಿ ಬಹುಪಾಲಿಗೆ ಪ್ರಯೋಜನದ ಪ್ರಮಾಣಪತ್ರ ಒದಗಿಸುವುದು ಸಾಧ್ಯವಿಲ್ಲ.

ನಮ್ಮ ಹಿರಿಯರಿಗೆ ಅದು ಬೇಕಿರಲಿಲ್ಲ. ತುಂಗಾತೀರದಲ್ಲಿ ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯ ನೆರಳು ಹಿಡಿದ ಐತಿಹ್ಯವನ್ನು ಶೃಂಗೇರಿಯಲ್ಲಿ ಇಂದಿಗೂ 'ಕಪ್ಪೆ ಶಂಕರ' ಸ್ಮರಿಸುತ್ತದೆ. ಮಳೆ ಬಾರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡುವ ಪದ್ಧತಿಯೂ ನಮ್ಮಲ್ಲಿದೆ. 2019ರ ಜೂನ್ ತಿಂಗಳಲ್ಲಿ ಉಡುಪಿಯಲ್ಲಿ ವಿಜೃಂಭಣೆಯಿಂದಲೇ ನಡೆಯಿತು. ಅದೇ ವರ್ಷ ಭೋಪಾಲದಲ್ಲಿ ಮದುವೆಯಾದ ಜೋಡಿಗೆ, ಮಳೆ ಅತಿಯಾಯಿತೆಂದು, ಸೆಪ್ಟೆಂಬರಿನಲ್ಲಿ ವಿಚ್ಛೇದನವನ್ನೂ ಕೊಡಿಸಿದರು. ಇದನ್ನು ಮೌಢ್ಯವೆಂದು ಹಳಿಯುವ ಉತ್ಸಾಹ ನನಗಿಲ್ಲ. ವಧೂವರರಿಗೆ ಸಂಸಾರ ಹೂಡಲು ಒಂದು ಹೊಂಡವನ್ನೂ ಉಡುಗೊರೆಯಾಗಿ ಕೊಡಬಾರದೇ ಎಂದಷ್ಟೇ ನನ್ನ ಆಕ್ಷೇಪ.

ಹೊಂಡಗಳು ಎಲ್ಲಿ ಹೋಗುತ್ತಿವೆ ಎಂಬ ಪ್ರಶ್ನೆಯಲ್ಲಿ ಹೊರನಾಡಿಗರಾದ ನಾವು ಕೇವಲ ಪ್ರೇಕ್ಷಕರಲ್ಲ. ಊರಿನ ಪದವಿನ ಮೇಲೆ ನಿವೃತ್ತಿಯ ನಂತರಕ್ಕೆಂದು ಮನೆ ಕಟ್ಟಿಸಿ ಬೀಗ ಹಾಕಿಡುವವರು ನಾವು. ಪಾಲಿಗೆ ಬಂದ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಅಡಿಕೆ ನೆಡಿಸುವ, ಇಲ್ಲವೇ ಸೈಟು ಮಾಡಿ ಮಾರುವ ಹಣ ನಮ್ಮದು. ಊರ ದೇವಸ್ಥಾನದ ಜೀರ್ಣೋದ್ಧಾರದ ವಂತಿಗೆಯಲ್ಲಿ ಕಲ್ಯಾಣಿಯ ತಳಕ್ಕೂ ಸಿಮೆಂಟು ಹಾಸಿದಾಗ ಫಲಕದಲ್ಲಿ ಕೆತ್ತಿಸಿಕೊಂಡದ್ದು ನಮ್ಮ ಹೆಸರನ್ನೇ. ಇನ್ನು ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಗಳಾಗಿ ಬರುವ ಮಂತ್ರಿಗಳ ಮುಂದೆ ನಾವಿಡುವ ಮನವಿಗಳಾದರೋ ಭವನಕ್ಕೆ ನಿವೇಶನ ಮತ್ತು ಅನುದಾನವನ್ನು ದಾಟಿ ಮುಂದೆ ಹೋಗುವುದಿಲ್ಲ. ಶರಾವತಿ ಕಣಿವೆಯಲ್ಲಿ ಭೂಗತವಾಗಿ 2000 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಯೋಜನೆಗೆ ಎಷ್ಟು ಕಾಡು ಹೋಗುತ್ತದೆ, ಯಾವ ತೊರೆಗಳ ದಾರಿ ಬದಲಾಗುತ್ತದೆ ಎಂದು ಕೇಳುವ ಒಂದು ಸಾಲನ್ನು ಆ ಮನವಿಯಲ್ಲಿ ಸೇರಿಸಿದರೆ ಅನುದಾನ ತಪ್ಪೀತೆಂಬ ಭಯವೇ? ಈ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಈ ಸಾಲನ್ನು ನಾನು ಮಂಡಿಸಲಿದ್ದೇನೆ. ಅನುಮೋದಿಸುವವರು ಒಬ್ಬರಾದರೂ ಸಿಗಲಿ.

ಪರೋಪದೇಶ ಸುಲಭವೆಂದು ನನಗೂ ಗೊತ್ತು. ಸಿದ್ದಾಪುರದ ಕಡೆಯ ನಮ್ಮ ಮನೆಯ ತೋಟದ ಕೆಳಗೆ ಹತ್ತಿಪ್ಪತ್ತು ಗುಂಟೆಯ ಒಂದು ಜಡ್ಡಿಯಿದೆ. ಅದರಲ್ಲಿ ಕುಂಬಾರ ಕಪ್ಪೆ ಇದೆಯೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಅಲ್ಲಿ ಹಲವು ಬಗೆಯ ಕೂಗುಗಳಿರುತ್ತವೆ, ನೀರಿನ ಮೇಲೆ ಬಾಗಿದ ಎಲೆಗಳಿಗೆ ಹಾರುಗಪ್ಪೆಗಳು ಕಟ್ಟಿದ ಬಿಳಿಯ ನೊರೆಗೂಡುಗಳು ತೂಗುತ್ತಿರುತ್ತವೆ. ಊರಿನಲ್ಲಿದ್ದು ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಅದರ ನೀರನ್ನು ಕಾಲುವೆ ತೆಗೆದು ಬಸಿದು, ಮಣ್ಣು ತುಂಬಿಸಿ ಅಡಿಕೆ ಸಸಿ ಹಾಕಬೇಕೆಂದಿದ್ದಾನೆ. ಬೇಡವೆಂದು ನಾನು ಬರೆದುದಕ್ಕೆ ಬಂದ ಉತ್ತರ ನ್ಯಾಯವಾದದ್ದೇ. "ಅಣ್ಣಾ, ನಿನಗೆ ಅಲ್ಲಿ ಪಿಂಚಣಿ ಬರ್ತದೆ, ಕಪ್ಪೆ ಕೂಗು ಚಂದ ಕೇಳ್ತದೆ. ನನ್ನ ಇಬ್ಬರು ಮಕ್ಕಳ ಫೀಸು ಕಪ್ಪೆ ಕಟ್ತದಾ?" ಮೇಲಿನ ತೋಟದಲ್ಲಿ ನನಗೆ ಬರಬೇಕಾದ ಪಾಲಿನಿಂದ ಅಷ್ಟೇ ಗುಂಟೆಯನ್ನು ಅವನ ಹೆಸರಿಗೆ ಬಿಟ್ಟುಕೊಡುತ್ತೇನೆ, ಜಡ್ಡಿಯನ್ನು ಇದ್ದಂತೆ ಇರಗೊಡು ಎಂದು ಮರುಪತ್ರ ಹಾಕಿದ್ದೇನೆ. ನನ್ನ ಮಕ್ಕಳಿಗೆ ಇದು ಹಿಡಿಸಿಲ್ಲ. ಅವನ ಉತ್ತರ ಇನ್ನೂ ಬಂದಿಲ್ಲ. ಬಸಿಗಾಲುವೆಯ ಕೆಲಸವನ್ನು ಮಳೆಗಾಲ ಮುಗಿಯುವ ತನಕ ಮುಂದೂಡಿದ್ದಾನೆಂದು ಮಾತ್ರ ಊರಿನಿಂದ ಬಂದವರು ಹೇಳಿದರು.