ಗರ್ಭಚೀಲದ ಆಪರೇಷನ್: ಎಚ್ಚರಿಕೆಯ ಮಾತು ಕನ್ನಡದಲ್ಲಿ ಹೇಳಿ

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಹಳ್ಳಿಗಳ ಹೆಣ್ಣುಮಕ್ಕಳು ಗರ್ಭಚೀಲದ ಆಪರೇಷನ್‌ಗೆ ಮಿರಜ, ಸಾಂಗ್ಲಿ, ಸೊಲ್ಲಾಪುರಕ್ಕೆ ಹೋಗುತ್ತಾರೆ. ಮನೆಗೆ ಬರುವಾಗ ಕೈಯಲ್ಲಿನ ಡಿಸ್ಚಾರ್ಜ್ ಕಾರ್ಡ್ ಇಂಗ್ಲಿಷ್, ಸಿಸ್ಟರ್ ಹೇಳುವ ಮಾತು ಮರಾಠಿ. 'ಲಘವೀ ಗಳತೇ ಕಾ?' ಅಂದರೆ ಮೂತ್ರ ಸೋರುತ್ತದೆಯೇ ಎಂದು ಅರ್ಥ. ಸಂತೆಯ ಮರಾಠಿ ನಮ್ಮವರಿಗೆ ಬರ್ತದ, ದವಾಖಾನಿ ಮರಾಠಿ ಬೇರೆ. ತಿಳಿಯದಿದ್ದರೂ ಹೂಂ ಅಂದು ಬಂದುಬಿಡ್ತಾರ.

ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಗರ್ಭಚೀಲಕ್ಕೆ ರಕ್ತ ಒಯ್ಯುವ ನಾಳದ ಅಡಿಯಲ್ಲೇ ಮೂತ್ರಪಿಂಡದಿಂದ ಬರುವ ಮೂತ್ರನಾಳ ಹಾಯ್ದಿರುತ್ತದೆ. ಮುಂದೆ ಮೂತ್ರಚೀಲ ಅಂಟಿಕೊಂಡೇ ಇರುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಇನ್ನೂ ಬಿಗಿಯಾಗಿ. ಅನುಭವಿ ಸರ್ಜನ್ ಕೈಯಲ್ಲೂ ಒಮ್ಮೊಮ್ಮೆ ಪೆಟ್ಟಾಗಬಹುದು. ಪೆಟ್ಟಾದದ್ದೆಲ್ಲ ನಿರ್ಲಕ್ಷ್ಯವಲ್ಲ, ಅಲ್ಲೇ ಗೊತ್ತಾದರೆ ಅಲ್ಲೇ ಹೊಲಿದು ಸರಿಪಡಿಸಬಹುದು. ಗೊತ್ತಾಗದೆ ಉಳಿದರೆ ಎಂಟು-ಹದಿನೈದು ದಿನದಲ್ಲಿ ಮೂತ್ರ ತಾನಾಗಿ ಸೋರತೊಡಗುತ್ತದೆ. ಬಿಳಿ ಹೋಗ್ಲಿಕತ್ತದ ಅಂತ ತಿಳಿದು, ನಾಚಿಕೆಗೆ ಗಂಡನ ಮುಂದೂ ಹೇಳದೆ ಬಟ್ಟೆ ಬದಲಿಸುತ್ತ ಕೂಡುತ್ತಾರೆ. ಬೇಗ ಬಂದರೆ ಸಣ್ಣ ತೂತು ಕೆಲವು ವಾರ ಮೂತ್ರದ ನಳಿಕೆ ಇಟ್ಟರೇ ಮಾಯಬಹುದು. ಮೂತ್ರನಾಳ ಕಟ್ಟಿಕೊಂಡಿದ್ದರೆ ತಡವಾದಷ್ಟೂ ಮೂತ್ರಪಿಂಡವೇ ಕೆಡುತ್ತದೆ.

ಚಳಿಜ್ವರ, ಪಕ್ಕೆನೋವು, ಹೊಟ್ಟೆ ಉಬ್ಬಿ ವಾಂತಿ, ವಾಸನೆಯ ಸ್ರಾವ, ಹೆಚ್ಚು ರಕ್ತ, ಒಂದೇ ಕಾಲಿನ ಮೀನಖಂಡ ಊದುವುದು, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಮ್ಮೆಲೇ ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಊರಿನ ಇಂಜೆಕ್ಷನ್ ಡಾಕ್ಟರ ಹತ್ತಿರ ಎರಡು ದಿನ ಕಳೆಯುವುದು ಬೇಡ.

ಆಪರೇಷನ್‌ಗೆ ಮೊದಲೇ ರಕ್ತದ ಪ್ರಮಾಣ, ಸಕ್ಕರೆ ನೋಡಿ ಸರಿಪಡಿಸಿಕೊಂಡರೆ ಅಪಾಯ ಕಡಿಮೆ. ಕೊಯ್ಯುವ ಮುಂಚಿನ ಒಂದು ತಾಸಿನೊಳಗೆ ಆಂಟಿಬಯೋಟಿಕ್, ಮರುದಿನವೇ ಎದ್ದು ನಡೆದಾಡುವುದು, ಇವೂ ಬೇಕು. 'ಹಸಿಮೈ, ಮಲಗಿರಲಿ' ಎನ್ನುವ ಅತ್ತೆಯರ ಕಾಳಜಿ ಇಲ್ಲಿ ಉಪಯೋಗಕ್ಕೆ ಬರಲ್ಲ.

ಆದರೆ ಬೇಡದ ಆಪರೇಷನ್ ಮಾಡಿಸದಿರುವುದೇ ದೊಡ್ಡ ರಕ್ಷಣೆ. ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರಕಾರದ ಸಮಿತಿ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ವಿಚಾರಿಸಿದಾಗ 13,861 ಮಂದಿಯ ಗರ್ಭಚೀಲ ತೆಗೆದಿತ್ತು. ಬೇಡದ ಇಂಥ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿ ಮಾಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜತ್ತ ಭಾಗದಿಂದಲೂ ಕಬ್ಬಿನ ಟೋಳಿಗಳು ಹೋಗುತ್ತವೆ, ಬೀಡ ದೂರದ್ದೇನಲ್ಲ. ಕ್ಯಾನ್ಸರ್ ಭಯ ಹಾಕಿದರೆ ತಪಾಸಣೆಯ ರಿಪೋರ್ಟ್ ಕೇಳಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳು ಮೇಲಿನ ಲಕ್ಷಣಗಳನ್ನು ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ, ಡಿಸ್ಚಾರ್ಜ್ ಕಾರ್ಡಿಗೆ ಪಿನ್ ಮಾಡಿಸಲಿ. ಓದು ಬರದವರಿಗೆ ಊರಿನ ಆಶಾತಾಯಿ ಮನೆಗೆ ಹೋಗಿ ಓದಿ ಹೇಳಲಿ. ನಮ್ಮ ಊರುಗಳಲ್ಲಿ ಅವರೂ ಕನ್ನಡದವರೇ. ಅಲ್ಲಿವರೆಗೆ ಎರಡೂ ಭಾಷೆ ಬರುವ ಮಗಳನ್ನೋ ಸೊಸೆಯನ್ನೋ ಡಿಸ್ಚಾರ್ಜ್ ದಿನ ಜೊತೆಗೆ ಕಳಿಸಿರಿ. ಕಾರ್ಡು, ಬಯಾಪ್ಸಿ ರಿಪೋರ್ಟು ರೇಶನ್ ಕಾರ್ಡಿನ ಜೊತೆ ಜೋಪಾನ ಇಡಿರಿ.