ಮನೆಮಕ್ಕಳಾದರೆ ಪಾಲೆಲ್ಲಿ?

"ನೀವೆಲ್ಲ ನಮ್ಮ ಮನೆಯ ಮಕ್ಕಳಿದ್ದಂತೆ." ಬೋನಸ್ ಕೇಳಹೋದ ಕಾರ್ಮಿಕರಿಗೆ ಧಣಿಗಳು ಹೇಳುವ ಮಾತು ಇದು. ಕೈಕಟ್ಟಿ ನಿಂತರೆ ನಾವು ಮಕ್ಕಳು. ಸಂಘ ಕಟ್ಟಿದರೆ ಮನೆ ಮುರಿಯುವವರು. ಆಯುಧಪೂಜೆಯ ದಿನ ಅಜ್ಜನ ಭಾವಚಿತ್ರಕ್ಕೆ ಹಾರ ಹಾಕಿ "ಮೂರು ತಲೆಮಾರು ಬೆವರು ಸುರಿಸಿ ಕಟ್ಟಿದ ಸಂಸ್ಥೆ" ಎಂದು ಭಾಷಣ ಮಾಡುವುದನ್ನೂ ನಾವು ಕೇಳಿದ್ದೇವೆ. ಬೆವರು ಸುರಿದದ್ದು ನಿಜ. ಯಾರದು ಎಂಬುದಷ್ಟೇ ಪ್ರಶ್ನೆ.

ಈ ಮಾತಿನ ಬಂಡವಾಳ ತಿಳಿಯಬೇಕಾದರೆ ಜರ್ಮನಿಯ ಎಸ್ಸೆನ್ ನಗರದ ಕ್ರುಪ್ ಮನೆತನದ ಕಥೆಯನ್ನು ಓದಬೇಕು. ನಮ್ಮ ರೂರ್ಕೇಲಾ ಉಕ್ಕಿನ ಕಾರ್ಖಾನೆಯನ್ನು ಕಟ್ಟಲು 1950ರ ದಶಕದಲ್ಲಿ ಡೆಮಾಗ್ ಕಂಪನಿಯೊಡನೆ ಬಂದ ಕ್ರುಪ್ ಇದೇ. ಐದು ತಲೆಮಾರು, ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು, ಒಂದೇ ಮನೆತನದ ಕೈಯಲ್ಲಿದ್ದ ಕಾರ್ಖಾನೆ ಅದು.

1811ರಲ್ಲಿ ಫ್ರೀಡ್ರಿಖ್ ಕ್ರುಪ್ ಅದನ್ನು ಆರಂಭಿಸಿದ. 1826ರಲ್ಲಿ ಆತ ತೀರಿಕೊಂಡಾಗ ಉಳಿದದ್ದು ಸಾಲ ಮತ್ತು ಬೆರಳೆಣಿಕೆಯ ಕೆಲಸಗಾರರು. 14 ವರ್ಷದ ಮಗ ಆಲ್ಫ್ರೆಡ್ ಕುಲುಮೆಯ ಮುಂದೆ ನಿಂತ. ಆತ ದುಡಿದ, ಅದನ್ನು ನಾವು ಅಲ್ಲಗಳೆಯುವುದಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆತನಿಟ್ಟ ಸುಮಾರು ಎರಡು ಟನ್ ತೂಕದ ಉಕ್ಕಿನ ಗಟ್ಟಿ ಜಗತ್ತನ್ನು ಬೆರಗುಗೊಳಿಸಿತು. ಆದರೆ ಅಂಥ ಗಟ್ಟಿಯನ್ನು ಎರೆಯುವುದು ಹೇಗೆ? ಆಗ ಉಕ್ಕನ್ನು ಸಣ್ಣ ಸಣ್ಣ ಮೂಸೆಗಳಲ್ಲಿ ಕರಗಿಸುತ್ತಿದ್ದರು. ಇಬ್ಬಿಬ್ಬರು ಇಕ್ಕಳ ಹಿಡಿದು, ಮೂಸೆ ಹೊತ್ತು, ಸಾಲುಗಟ್ಟಿ ಬಂದು, ಧಾರೆ ಕಡಿಯದಂತೆ ಒಂದೇ ಅಚ್ಚಿಗೆ ಸುರಿಯಬೇಕು. ನಡುವೆ ಧಾರೆ ನಿಂತಿತೋ, ಗಟ್ಟಿ ಕೆಟ್ಟಿತು. ಅಷ್ಟೂ ಜನರ ಹೆಜ್ಜೆ ಒಂದಾದಾಗ ಆದ ಕೆಲಸಕ್ಕೆ ಬಂದ ಪದಕ ಒಬ್ಬನ ಹೆಸರಿಗೆ ಹೋಯಿತು. ಮುಂದೆ ಬೆಸುಗೆಯಿಲ್ಲದ ರೈಲುಗಾಲಿಯ ಪಟ್ಟಿ, ಆಮೇಲೆ ಫಿರಂಗಿ. 1887ರಲ್ಲಿ ಆಲ್ಫ್ರೆಡ್ ಸಾಯುವ ವೇಳೆಗೆ ಸುಮಾರು 20,000 ಜನ ಅವನ ಕೆಲಸಗಾರರಾಗಿದ್ದರು.

"ಕ್ರುಪ್ ತನ್ನ ಕಾರ್ಮಿಕರಿಗೆ ಮನೆ ಕಟ್ಟಿಸಿದ, ಆಸ್ಪತ್ರೆ ಕಟ್ಟಿಸಿದ, ಪಿಂಚಣಿ ನಿಧಿ ಇಟ್ಟ" ಎಂದು ಹೊಗಳುವವರಿದ್ದಾರೆ. ಸುಳ್ಳಲ್ಲ. ಆದರೆ ಷರತ್ತನ್ನೂ ಓದಬೇಕು. ಕೆಲಸದಿಂದ ತೆಗೆದರೆ ಮನೆ ಖಾಲಿ ಮಾಡಬೇಕು. ನಿಧಿಗೆ ಕೂಲಿಯಿಂದ ಮುರಿದು ಕಟ್ಟಿದ ಹಣ, ಕೆಲಸ ಬಿಟ್ಟವನಿಗೆ ಇಲ್ಲ. ಹೀಗಾದರೆ ಮನೆ ಮನೆಯಾಗಲಿಲ್ಲ, ಬೀಗವಾಯಿತು. ಸಮಾಜವಾದಿ ಪತ್ರಿಕೆ ಓದಿದವನಿಗೂ ಸಮಾಜವಾದಿ ಪಕ್ಷ ಸೇರಿದವನಿಗೂ ಬಾಗಿಲು ತೋರಿಸುತ್ತಿದ್ದರು. 1877ರಲ್ಲಿ ಆಲ್ಫ್ರೆಡ್ ತನ್ನ ಕಾರ್ಮಿಕರಿಗೆ ಹೊರಡಿಸಿದ ಉಪದೇಶದ ತಿರುಳು ಇಷ್ಟೇ: ರಾಜಕೀಯ ನಿಮ್ಮ ಅಳವಿಗೆ ಮೀರಿದ್ದು, ದುಡಿದು ಮನೆಗೆ ಹೋಗಿ ಸುಖವಾಗಿರಿ. ಈ ತಂದೆ ಮಾತ್ರ 1868ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ಗೆ ಫಿರಂಗಿ ಮಾರಲು ಪಟ್ಟಿ ಕಳಿಸಿದ್ದ. ಎರಡು ವರ್ಷಕ್ಕೆ ಅದೇ ಫ್ರಾನ್ಸಿನ ಮೇಲೆ ಪ್ರಷ್ಯಾದ ಕೈಯಲ್ಲಿ ಅವನ ಫಿರಂಗಿಗಳೇ ಗುಡುಗಿದವು. ಅದು ರಾಜಕೀಯವಲ್ಲ, ವ್ಯಾಪಾರ!

ಈ ಕಥೆ ಕಾರ್ಮಿಕರದಷ್ಟೇ ಎಂದು ನಮ್ಮ ಅಂಗಡಿಕಾರ ಬಂಧುಗಳು ಪುಟ ಮಗುಚದಿರಲಿ. 1868ರಲ್ಲಿ ಎಸ್ಸೆನ್ನಿನ ಒಂದು ಗ್ರಾಹಕ ಸಂಘವನ್ನು ಕ್ರುಪ್ ತನ್ನ ಕಾರ್ಖಾನೆಯೊಳಗೆ ಸೇರಿಸಿಕೊಂಡ. ಹಿಟ್ಟು, ಮಾಂಸ, ಬಟ್ಟೆ, ಪಾದರಕ್ಷೆ, ಎಲ್ಲಕ್ಕೂ ಧಣಿಯದೇ ಅಂಗಡಿ. ಕೂಲಿ ಕೊಟ್ಟ ಕೈಗೇ ಕೂಲಿ ಹಿಂದಿರುಗಿದರೆ ಪೇಟೆಯ ಚಿಲ್ಲರೆ ವ್ಯಾಪಾರಿಗೆ ಉಳಿಯುವುದೇನು? ಊರಿನ ಸಭೆಯಲ್ಲಿ ದೂರೋಣವೆಂದರೆ, ತೆರಿಗೆ ಕಟ್ಟಿದಷ್ಟು ಮತ ಎಂಬ ಮೂರು ವರ್ಗದ ಮತಪದ್ಧತಿ ಆಗ ಪ್ರಷ್ಯಾದಲ್ಲಿತ್ತು. ಕೆಲವು ವರ್ಷ ಎಸ್ಸೆನ್ನಿನ ಮೊದಲ ವರ್ಗದಲ್ಲಿ ಕ್ರುಪ್ ಒಬ್ಬನೇ ಮತದಾರ. ನಗರಸಭೆಯ ಮೂರನೆಯ ಒಂದು ಪಾಲು ಸದಸ್ಯರು ಅವನೊಬ್ಬನ ಆಯ್ಕೆ. ಸಾವಿರಾರು ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿ ಪಡೆದದ್ದು ಇನ್ನೊಂದು ಪಾಲು.

"ನಷ್ಟದ ಹೊರೆ ಧಣಿಯದು, ಆದ್ದರಿಂದ ಲಾಭವೂ ಅವನದು" ಎಂಬುದು ಇನ್ನೊಂದು ವಾದ. 1874ರಲ್ಲಿ ಕ್ರುಪ್ ಮುಳುಗುವಂತಾದಾಗ ಪ್ರಷ್ಯಾ ಸರಕಾರದ ಬ್ಯಾಂಕಿನ ಮುಂದಾಳುತನದಲ್ಲಿ 3 ಕೋಟಿ ಮಾರ್ಕ್ ಸಾಲ ಬಂತು. 1967ರಲ್ಲಿ ಮತ್ತೆ ಮುಳುಗುವಂತಾದಾಗ ಪಶ್ಚಿಮ ಜರ್ಮನಿಯ ಸರಕಾರ 30 ಕೋಟಿ ಮಾರ್ಕಿಗೆ ಜಾಮೀನು ನಿಂತಿತು. ಲಾಭ ಮನೆತನದ್ದು, ಹೊರೆ ಊರವರದು. ಮೊದಲ ಮಹಾಯುದ್ಧಕ್ಕೆ ಮುಂಚೆ, 1902ರಲ್ಲಿ, ಗುಂಡಿನ ಫ್ಯೂಸಿನ ಪೇಟೆಂಟನ್ನು ಬ್ರಿಟನ್ನಿನ ವಿಕರ್ಸ್ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರು. ಯುದ್ಧದಲ್ಲಿ ಆ ಫ್ಯೂಸಿನ ಗುಂಡುಗಳು ಜರ್ಮನ್ ಕಾರ್ಮಿಕರ ಮಕ್ಕಳ ಮೇಲೆ ಬಿದ್ದವು. ಯುದ್ಧ ಮುಗಿದ ಮೇಲೆ ಕ್ರುಪ್ ಬಾಕಿ ಕೇಳಿ, 1926ರಲ್ಲಿ 40,000 ಪೌಂಡು ಪಡೆಯಿತು.

ಇನ್ನು ಉತ್ತರಾಧಿಕಾರದ ಮಾತು. ಆಲ್ಫ್ರೆಡನ ಮಗನಿಗೆ ಗಂಡುಮಕ್ಕಳಿರಲಿಲ್ಲ. 1906ರಲ್ಲಿ ಮಗಳು ಬೆರ್ಥಾಳನ್ನು ಮದುವೆಯಾದ ಗುಸ್ತಾವ್‌ಗೆ ಕ್ರುಪ್ ಎಂಬ ಹೆಸರನ್ನು ಕೈಸರನೇ ದಯಪಾಲಿಸಿದ. ಆ ಗುಸ್ತಾವ್ 1933ರ ಫೆಬ್ರವರಿ 20ರಂದು ಹಿಟ್ಲರನೊಡನೆ ನಡೆದ ಕೈಗಾರಿಕೋದ್ಯಮಿಗಳ ಗುಪ್ತಸಭೆಯಲ್ಲಿ ನಾಜಿ ಪಕ್ಷದ ಚುನಾವಣೆಗೆ ಹತ್ತು ಲಕ್ಷ ಮಾರ್ಕ್ ಕೊಡಲು ಒಪ್ಪಿದ. ಅದೇ ಮೇ ತಿಂಗಳಲ್ಲಿ ದೇಶದ ಕಾರ್ಮಿಕ ಸಂಘಗಳಿಗೆಲ್ಲ ಬೀಗ ಬಿತ್ತು. 1943ರಲ್ಲಿ ಹಿಟ್ಲರ್ ಈ ಒಂದು ಮನೆತನಕ್ಕಾಗಿಯೇ ಶಾಸನ ಹೊರಡಿಸಿದ: ಕಾರ್ಖಾನೆ ಪಾಲಾಗದೆ ಒಬ್ಬನಿಗೇ ಹೋಗತಕ್ಕದ್ದು, ಉತ್ತರಾಧಿಕಾರ ತೆರಿಗೆ ಇಲ್ಲ. ಅದು ಬೆರ್ಥಾಳ ಮಗ ಆಲ್ಫ್ರೀಡನ ಕೈಸೇರಿತು. ಯುದ್ಧಕಾಲದಲ್ಲಿ ಅಲ್ಲಿ ಗುಲಾಮರಂತೆ ದುಡಿದವರು ಸುಮಾರು ಒಂದು ಲಕ್ಷ: ಹಿಡಿದು ತಂದ ಪರದೇಶದ ಜನ, ಯುದ್ಧಕೈದಿಗಳು, ಸೆರೆಶಿಬಿರಗಳ ಯಹೂದಿಗಳು. 1948ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯ ಆಲ್ಫ್ರೀಡನಿಗೆ 12 ವರ್ಷ ಸೆರೆ, ಆಸ್ತಿ ಮುಟ್ಟುಗೋಲು ಎಂದು ತೀರ್ಪಿತ್ತಿತು. 1951ರಲ್ಲಿ ಅಮೆರಿಕದ ಹೈಕಮಿಷನರ್ ಅವನನ್ನು ಬಿಡಿಸಿದ, ಮುಟ್ಟುಗೋಲೂ ರದ್ದಾಯಿತು. ಆಸ್ತಿಯ ಹಕ್ಕು ಪವಿತ್ರವಂತೆ!

ಈಗ ಸ್ವಲ್ಪ ಲೆಕ್ಕ. 1959ರಲ್ಲಿ ಬದುಕುಳಿದ ಯಹೂದಿ ಗುಲಾಮರಿಗೆ ತಲಾ 5000 ಮಾರ್ಕ್ ಕೊಡಲು ಕ್ರುಪ್ ಒಪ್ಪಿತು. ಕೇಳುವವರು ಹೆಚ್ಚಾದಾಗ ಅದೂ ಇಳಿಯಿತು. 1966ರಲ್ಲಿ ಆಲ್ಫ್ರೀಡನ ಮಗ ಆರ್ನ್ಟ್ ಉತ್ತರಾಧಿಕಾರ ಬಿಟ್ಟುಕೊಟ್ಟ. ಕಾರ್ಖಾನೆ ಧರ್ಮನಿಧಿಗೆ ಹೋಗುವುದೆಂದಾಯಿತು. ಬಿಟ್ಟುಕೊಟ್ಟದ್ದಕ್ಕೆ ಅವನಿಗೆ ವರ್ಷಾಶನ 20 ಲಕ್ಷ ಮಾರ್ಕ್. ಭಾಗಿಸಿ ನೋಡಿರಿ: 400 ಗುಲಾಮರ ಪರಿಹಾರ, ಒಬ್ಬ ದುಡಿಯದವನ ಒಂದು ವರ್ಷದ ಖರ್ಚು.

ಮನೆತನ ಹೋದರೂ ಆ ಬುದ್ಧಿ ಹೋಗಲಿಲ್ಲ. 1987ರ ನವೆಂಬರಿನಲ್ಲಿ ರೈನ್‌ಹೌಸನ್ನಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ ಕ್ರುಪ್ ಸಾರಿತು. ಸುಮಾರು ಆರು ಸಾವಿರ ಜನರ ಅನ್ನ. ಅಪ್ಪ, ಅಜ್ಜ ದುಡಿದ ಕುಲುಮೆ ಅದು. ಅಲ್ಲಿಯ ಕಾರ್ಮಿಕನೂ ತಲೆಮಾರಿನವನೇ. ಅವನ ತಲೆಮಾರಿಗೆ ಮಾತ್ರ ಶಾಸನವಿರಲಿಲ್ಲ. ಕಾರ್ಮಿಕರು ರೈನ್ ನದಿಯ ಸೇತುವೆಯನ್ನು ತಡೆದರು. ಅವರ ಜೊತೆಗೆ ಊರಿಗೆ ಊರೇ ಬೀದಿಗಿಳಿಯಿತು. ಆ ಸೇತುವೆಗೆ ಇಂದಿಗೂ ಐಕ್ಯದ ಸೇತುವೆ ಎಂದೇ ಹೆಸರು. 1993ರಲ್ಲಿ ಕಾರ್ಖಾನೆ ಮುಚ್ಚಿತು ನಿಜ. ಆದರೆ ಧಣಿ ಬಯಸಿದ ದಿನ ಮುಚ್ಚಲಿಲ್ಲ. ಆ ಐದು ವರ್ಷಗಳನ್ನು ಹೋರಾಟ ಗಳಿಸಿಕೊಟ್ಟಿತು.

ಧಣಿಗಳಿಗೆ ನಮ್ಮದು ನೇರವಾದ ಮಾತು. ಪಿತ್ರಾರ್ಜಿತದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲುಂಟೆಂದು ನಮ್ಮ ಹಿಂದೂ ಕಾನೂನೇ ಹೇಳುತ್ತದೆ; 2005ರಿಂದ ಹೆಣ್ಣುಮಕ್ಕಳಿಗೂ ಉಂಟು. ನಾವು ಮನೆಮಕ್ಕಳಾದರೆ ಪಾಲು ಕೊಡಿರಿ, ಲೆಕ್ಕದ ಪುಸ್ತಕ ತೆರೆಯಿರಿ. ಅಲ್ಲವಾದರೆ ಮಕ್ಕಳೆಂಬ ಮಾತನ್ನು ಬಿಟ್ಟು, ಕೂಲಿ, ಬೋನಸು, ಭವಿಷ್ಯನಿಧಿಗಳನ್ನು ಭಿಕ್ಷೆಯೆಂದು ಎಣಿಸದೆ ಸಂಘದೊಡನೆ ಕುಳಿತು ಮಾತಾಡಿರಿ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ಗಿರಣಿಯ ಗೇಟಿಗೆ ಬೀಗ ಬಿದ್ದ ವಾರ ಮೊದಲು ತುಂಬುವುದು ನಿಮ್ಮ ಉದ್ರಿ ಪುಸ್ತಕ. ಆ ದಿನ ಬಂದ ಮೇಲೆ ಸಂಘದ ಬಾಗಿಲು ಹುಡುಕುವುದಕ್ಕಿಂತ ಇಂದೇ ಕಾರ್ಮಿಕರ ಪಕ್ಕದಲ್ಲಿ ಬಂದು ನಿಲ್ಲುವುದು ಮೇಲು.