ಹುಲ್ಲಿನ ಮೇಲೆ ಕೂತವರನ್ನು ಎಬ್ಬಿಸುವ ಮೊದಲು

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೊರಗಿನ ಊಟ ತರಬಾರದು. ಗುಂಪು ಸೇರಬೇಕಾದರೆ ಅನುಮತಿ ಪಡೆಯಬೇಕು. ಜೋಡಿಗಳು ತೀರಾ ಹತ್ತಿರ ಕೂರಬಾರದು. ಇತ್ತೀಚಿನ ವರ್ಷಗಳಲ್ಲಿ ಇಂಥ ಒಂದಲ್ಲ ಒಂದು ನಿರ್ಬಂಧ ಸುದ್ದಿಯಾಗುತ್ತಲೇ ಇದೆ. ನಾಯಿಗಳನ್ನು ಕರೆತರಬಾರದೆಂಬ ಪ್ರಸ್ತಾಪವೂ 2022ರಲ್ಲಿ ಬಂದಿತ್ತು. ಜನ ತಿರುಗಿಬಿದ್ದ ಮೇಲೆ ಅದನ್ನು ಕೈಬಿಟ್ಟರು. ಇವೆಲ್ಲದರ ಹಿಂದೆ ಇರುವುದು ಒಂದೇ ನಂಬಿಕೆ: ಜನ ಬಂದಷ್ಟೂ ಉದ್ಯಾನ ಕೆಡುತ್ತದೆ. ಇದು ಸುಳ್ಳು. ಒಂದೂವರೆ ಶತಮಾನದಲ್ಲಿ ಈ ಉದ್ಯಾನವನ್ನು ಕಬಳಿಸಿದವರು ಯಾರು, ಉಳಿಸಿಕೊಂಡವರು ಯಾರು ಎಂದು ನೋಡಿದರೆ ಸಾಕು.

1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದಾಗ ಪಶ್ಚಿಮಕ್ಕೆ ಪೇಟೆ ಇತ್ತು, ಪೂರ್ವಕ್ಕೆ ಬ್ರಿಟಿಷರ ದಂಡು. ಎರಡರ ಆಡಳಿತ ಬೇರೆ, ಬದುಕು ಬೇರೆ. ನಡುವಿನ ಹಸಿರು ಇಬ್ಬರನ್ನೂ ದೂರದೂರವೇ ಇರಿಸಿತ್ತು. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸೇನೆಯ ವಾದ್ಯಮೇಳ ನುಡಿಯುತ್ತಿದ್ದ ಸಂಜೆಗಳು ಚಿಕ್ಕಪೇಟೆಯ ನೇಕಾರನಿಗಾಗಿ ಏರ್ಪಟ್ಟವಲ್ಲ. ಮೊದಲು ಮೀಡ್ಸ್ ಪಾರ್ಕ್ ಎಂದಿದ್ದದ್ದು ಆಮೇಲೆ ಕಬ್ಬನ್ ಪಾರ್ಕ್ ಆಯಿತು, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೂ ಆಯಿತು. ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಅಡಿಗೆ ಬಂದದ್ದು 1949ರಲ್ಲಿ.

ಇದು ನಿಜವಾಗಿ ಸಾರ್ವಜನಿಕ ಉದ್ಯಾನವಾದದ್ದು ಯಾವ ಆದೇಶದಿಂದಲೂ ಅಲ್ಲ, ಜನ ಬಂದು ಕೂತದ್ದರಿಂದ. ಈಗ ಹೈಕೋರ್ಟ್ ಇರುವ ಅಠಾರ ಕಚೇರಿಗೆ, ಆಮೇಲೆ ವಿಧಾನಸೌಧಕ್ಕೆ ಅರ್ಜಿ ಹಿಡಿದು ಬಂದ ಹಳ್ಳಿಯವರು ಸಾಹೇಬರು ಊಟ ಮುಗಿಸಿ ಬರುವವರೆಗೆ ಇಲ್ಲಿನ ಮರದಡಿ ಬುತ್ತಿ ಬಿಚ್ಚಿದರು. ಉದ್ಯಾನದೊಳಗಿನ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯದಲ್ಲಿ ಓದಲು ಬಂದ ಬಡ ವಿದ್ಯಾರ್ಥಿಗಳಿಗೆ ಈ ಬೆಂಚುಗಳೇ ಎರಡನೆಯ ಓದುಕೋಣೆ. ಇಲ್ಲಿನ ಬಾಲಭವನದ ಪುಟಾಣಿ ರೈಲು ಹತ್ತದ ಬೆಂಗಳೂರಿನ ಮಕ್ಕಳು ಕಡಿಮೆ. ಮನೆಯಲ್ಲೂ ಬೀದಿಯಲ್ಲೂ ಜಾಗ ಸಿಗದ ಲೈಂಗಿಕ ಅಲ್ಪಸಂಖ್ಯಾತರು ತಮ್ಮವರನ್ನು ಕಂಡು ಮಾತಾಡಿದ್ದೂ ಇಂಥ ಉದ್ಯಾನಗಳಲ್ಲಿಯೇ. ಅದಕ್ಕಾಗಿ ಅವರು ತಿಂದ ಲಾಠಿ ಏಟು, ತೆತ್ತ ಲಂಚ ಎಂಥದು ಎಂದು ತಿಳಿಯಬೇಕಾದವರು ಮಾನವ ಹಕ್ಕು ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕದ 2001ರ ವರದಿ ಓದಬೇಕು. ಈಗ ಶನಿವಾರಗಳಂದು ಚಾಪೆ ಹಾಸಿ ಮೌನವಾಗಿ ಪುಸ್ತಕ ಓದುವ ‘ಕಬ್ಬನ್ ರೀಡ್ಸ್’ ಬಳಗವೂ ಈ ಪರಂಪರೆಯದೇ.

ಭಾನುವಾರ ಮಧ್ಯಾಹ್ನ ಬಿದಿರುಮೆಳೆಗಳ ಕಡೆ ಹೋಗಿ ನೋಡಿ. ಹಳೆಯ ಬೆಡ್‌ಶೀಟು ಹಾಸಿಕೊಂಡು ಒಂದು ಸಂಸಾರ ಕೂತಿರುತ್ತದೆ. ಅಜ್ಜಿ ಸ್ಟೀಲ್ ಡಬ್ಬಿಯಿಂದ ಚಿತ್ರಾನ್ನವನ್ನು ಮುಚ್ಚಳಕ್ಕೇ ಬಡಿಸಿ ಮೊಮ್ಮಗನ ಕೈಗಿಡುತ್ತಾಳೆ. ಅಷ್ಟರಲ್ಲಿ ಸೀಟಿ ಕೇಳುತ್ತದೆ. ಗಾರ್ಡು ಬಂದು ‘ಇಲ್ಲಿ ತಿನ್ನಂಗಿಲ್ಲ ಅಮ್ಮ’ ಎನ್ನುತ್ತಾನೆ. ಆತನೂ ಇಂಥದ್ದೇ ಮನೆಯಿಂದ ಬಂದವನು, ಮೇಲಿನವರು ಹೇಳಿದ್ದನ್ನು ಮಾಡುತ್ತಾನೆ. ಡಬ್ಬಿ ಮುಚ್ಚಿ ಚೀಲಕ್ಕೆ ಹೋಗುತ್ತದೆ. ಹೋಟೆಲಿನಲ್ಲಿ ಐದು ಜನಕ್ಕೆ ಊಟ ಕೊಡಿಸುವ ಶಕ್ತಿ ಆ ಸಂಸಾರಕ್ಕೆ ಇದ್ದಿದ್ದರೆ ಬೆಳಗ್ಗೆ ಎದ್ದು ಒಗ್ಗರಣೆ ಹಾಕುತ್ತಿರಲಿಲ್ಲ.

ಎಂಜಲಿಗೆ ಇಲಿ ಬರುತ್ತವೆ, ಪ್ಲಾಸ್ಟಿಕ್ ಎಸೆಯುತ್ತಾರೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎಸೆದವರಿಗೆ ದಂಡ ಹಾಕಿ, ಊಟಕ್ಕೊಂದು ಜಾಗ ಗೊತ್ತುಮಾಡಿ, ಸಾಕಷ್ಟು ಕಸದ ಡಬ್ಬಿ ಇಡಿ, ಗುಡಿಸುವವರನ್ನು ನೇಮಿಸಿ. ಇದು ಆಡಳಿತದ ಕೆಲಸ. ಆ ಕೆಲಸ ಮಾಡದೆ ಉಣ್ಣುವವರನ್ನೇ ಎಬ್ಬಿಸುವುದು ಕೈಲಾಗದವರ ದಾರಿ.

ನಿಜವಾದ ಒತ್ತುವರಿ ಎಲ್ಲಿದೆ? ಉದ್ಯಾನ 300 ಎಕರೆ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಸಾಮಾನ್ಯರು ಕಾಲಿಡಬಹುದಾದದ್ದು ಅದಕ್ಕಿಂತ ಬಹಳ ಕಡಿಮೆ. ಕ್ಲಬ್ಬು, ಟೆನಿಸ್ ಅಂಗಳ, ಕಚೇರಿ, ಅವುಗಳ ಕಾಂಪೌಂಡು, ಕಾರು ನಿಲ್ಲಿಸುವ ಜಾಗ ಎಲ್ಲ ಕಳೆದ ಮೇಲೆ ಉಳಿದದ್ದು ನಮಗೆ. 1913ರಲ್ಲಿ ಮಹಾರಾಜರು ಕೊಟ್ಟ 7.5 ಎಕರೆಯಲ್ಲಿ ಸೆಂಚುರಿ ಕ್ಲಬ್ ನಿಂತಿದೆ. ಅದು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತದೆ ಎಂದು ಹೈಕೋರ್ಟ್ 2024ರಲ್ಲಿ ಹೇಳಬೇಕಾಯಿತು. ನಾಡಿನ ನೆಲವನ್ನು ಅನುಭವಿಸುತ್ತ ನಾಡಿಗೆ ಲೆಕ್ಕ ಕೊಡಲು ಒಲ್ಲೆ ಎಂದು ನ್ಯಾಯಾಲಯದವರೆಗೆ ಹೋಗುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಸರ್ಕಾರದ ದಾಖಲೆಯೂ ಚೆನ್ನಾಗಿಲ್ಲ. ಸರ್ಕಾರಿ ಉದ್ಯಾನಗಳನ್ನು ಕಾಪಾಡಲೆಂದು 1975ರಲ್ಲಿ ಕಾಯ್ದೆ ಮಾಡಿದ್ದು ಸರ್ಕಾರವೇ. ಸುಮಾರು 32 ಎಕರೆಯನ್ನು ಉದ್ಯಾನದ ವ್ಯಾಪ್ತಿಯಿಂದ ತೆಗೆಯಲು 1998ರಲ್ಲಿ ಹೊರಟದ್ದೂ ಸರ್ಕಾರವೇ. ಆಗ ಬೀದಿಗಿಳಿದವರು, ಕೋರ್ಟಿಗೆ ಹೋದವರು ಸಾಮಾನ್ಯ ನಾಗರಿಕರು. 2019ರಲ್ಲಿ ಹಳೆಯ ಚುನಾವಣಾ ಆಯೋಗದ ಕಟ್ಟಡದ ಜಾಗದಲ್ಲಿ ಬಹುಮಹಡಿ ಕಟ್ಟಡ ಏಳಲಿದೆ ಎಂದಾಗಲೂ ಫಲಕ ಹಿಡಿದು ನಿಂತವರು ಬೆಳಗಿನ ನಡಿಗೆಗೆ ಬರುವವರು. ಉದ್ಯಾನವನ್ನು ಬಳಸುವವರಿಗಷ್ಟೇ ಅದು ಹೋದಾಗ ಹೊಟ್ಟೆ ಉರಿಯುತ್ತದೆ. ಇಂದು ಒಳಗೆ ಕೂರಲು ಬಿಡದ ಜನ ನಾಳೆ ಮರಕ್ಕೆ ಕೊಡಲಿ ಬಿದ್ದಾಗ ಏಕೆ ಬರಬೇಕು?

ಇನ್ನು ವಾಹನಗಳು. 2015ರಿಂದ ಭಾನುವಾರ ಒಳರಸ್ತೆಗಳಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಆ ದಿನ ಮಕ್ಕಳು ಸೈಕಲ್ ಕಲಿಯುತ್ತಾರೆ. ಉದ್ಯಾನದ ಅಂಚಿಗೇ ಮೆಟ್ರೊ ಬಂದ ಮೇಲೂ ವಾರದ ದಿನಗಳಲ್ಲಿ ಹೊಗೆ ಉಗುಳುವ ಕಾರುಗಳಿಗೆ ದಾರಿ ಬಿಟ್ಟು, ಬುತ್ತಿ ತಂದವರನ್ನು ತಡೆಯುವುದು ಯಾವ ಪರಿಸರ ಕಾಳಜಿ?

ತೋಟಗಾರಿಕೆ ಇಲಾಖೆಗೆ ನಿಯಮ ಬೇಕೆಂದಿದ್ದರೆ ದೊಡ್ಡವರಿಂದ ಶುರುಮಾಡಲಿ. ವಾರದ ಎಲ್ಲ ದಿನವೂ ಒಳರಸ್ತೆಗಳನ್ನು ವಾಹನಗಳಿಗೆ ಮುಚ್ಚಲಿ. ಒಂದು ಇಟ್ಟಿಗೆಯೂ ಹೊಸದಾಗಿ ಬೀಳದಿರಲಿ. ಯಾವ ಸಂಸ್ಥೆಯ ಕೈಯಲ್ಲಿ ಎಷ್ಟು ಎಕರೆ ಇದೆ, ಯಾವ ಕರಾರಿನ ಮೇಲೆ, ವರ್ಷಕ್ಕೆ ಎಷ್ಟು ಬಾಡಿಗೆ ಕಟ್ಟುತ್ತದೆ ಎಂಬುದನ್ನು ಪ್ರತಿ ಗೇಟಿನಲ್ಲೂ, ‘ಮಾಡಬಾರದು’ಗಳ ಫಲಕದ ಪಕ್ಕದಲ್ಲೇ, ಕನ್ನಡದಲ್ಲಿ ಬರೆಸಿ ಹಾಕಲಿ.